ಪಿಯುಸಿಯಾಗ ಇದ್ದಾಗನ ಡಿಗ್ರಿ ಸೈನ್ಸ್ ಕೋರ್ಸ್ ಮಾಡೋದು ಹ್ಯಾಂಗ?

ನಮ್ಮಣ್ಣನ ಮಗ ಫಸ್ಟ್ ಪಿಯುಸಿ ಸೇರಿದ ವರ್ಷ ಒಂದೇ ರಾತ್ರಿಗಿ ಮೂರು ಆನ್‌ಲೈನ್ ಕೋರ್ಸಿಗಿ ಹೆಸರು ಹಚ್ಚಿದ. ಒಂದು ಕ್ವಾಂಟಮ್ ಮೆಕ್ಯಾನಿಕ್ಸ್, ಒಂದು ಖಗೋಳದ್ದು, ಇನ್ನೊಂದು ಏನೋ ನ್ಯಾನೋ ಅಂತ. ಫ್ರೀ ಅದ ಕಾಕಾ, ಬಿಡೋದ್ಯಾಕ ಅಂದ. ಮೂರನೇ ವಾರಕ್ಕ ಮೂರೂ ಬಿಟ್ಟು ಕುಂತಿದ್ದ, ಮ್ಯಾಲಿಂದ ನನಗ ಸೈನ್ಸೇ ಬರಂಗಿಲ್ಲ ಅಂತ ಮಾರಿ ಸಣ್ಣ ಮಾಡ್ಕೊಂಡಿದ್ದ. ನಿಚ್ಚಣಿಕಿ ಇಲ್ದ ಮಾಳಗಿಗಿ ಜಿಗಿದ್ರ ಹಂಗೇ ಆಗೋದು. ಮುಂದಿನ ವರ್ಷ ಅದೇ ಹುಡುಗ ಒಂದೇ ಒಂದು ಕೋರ್ಸ್ ತಗೊಂಡು ಮುಗಿಸಿದ, ಅದಕ್ಕ ಇದನ್ನ ಬರೀಲತ್ತೀನಿ.

ಅಮೆರಿಕಾದಾಗ ಹೈಸ್ಕೂಲ್ ಹುಡುಗ್ರಿಗಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಅಂತ ಒಂದು ವ್ಯವಸ್ಥಾ ಅದ, 1955ರ ಹೊತ್ತಿನಿಂದ ನಡ್ಕೊಂಡು ಬಂದದ. ಕಾಲೇಜ್ ಮಟ್ಟದ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸಾಲ್ಯಾಗನ ಓದಿ ಮೇ ತಿಂಗಳದಾಗ ಪರೀಕ್ಷಾ ಬರೀತಾರ, 1ರಿಂದ 5ರ ತನಕ ಸ್ಕೋರ್, ಚಲೋ ಬಂದ್ರ ಎಷ್ಟೋ ಕಾಲೇಜು ಕ್ರೆಡಿಟ್ ಕೊಡ್ತಾವ, ಅಂದ್ರ ಅದನ್ನ ಡಿಗ್ರಿ ಲೆಕ್ಕಕ್ಕ ಹಿಡೀತಾವ. ನಮ್ಮ ಪಿಯುಸಿಯಾಗ ಹಂಥಾದ್ದು ಇಲ್ಲ. ಖರೆ, ಐಐಟಿಗಳು ಮತ್ತ ಬೆಂಗಳೂರಿನ ಐಐಎಸ್‌ಸಿ ಕೂಡಿ ನಡ್ಸೋ ಎನ್‌ಪಿಟೆಲ್ ಅನ್ನೋ ಡಿಗ್ರಿ ಮಟ್ಟದ ಆನ್‌ಲೈನ್ ಕೋರ್ಸಿನ ವ್ಯವಸ್ಥಾ ಅದಲ್ಲ, ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಾಗ ಸಿಗ್ತದ, ಅದಕ್ಕ ಯಾರು ಬೇಕಾದ್ರೂ ಪುಕ್ಕಟೆ ಸೇರಬಹುದು. ಆಳಂದದ ಹುಡುಗಿಗಿ ಬ್ಯಾರೆ, ಬೆಂಗಳೂರು ಹುಡುಗಿಗಿ ಬ್ಯಾರೆ ಅಂತ ಅಲ್ಲಿ ಏನಿಲ್ಲ.

ಮೊದ್ಲ ಮನ್ಯಾಗ ಕುಂತು ಒಂದು ಮಾತು ತೀರ್ಮಾನ ಮಾಡ್ಕೋರಿ. ಈ ಕೋರ್ಸಿನಿಂದ ನೀಟ್‌ನಾಗ, ಸಿಇಟಿಯಾಗ ಸೀದಾ ಒಂದು ಮಾರ್ಕ್ಸೂ ಏರಂಗಿಲ್ಲ. ರ‍್ಯಾಂಕ್ ಬರ್ತದ ಅಂತ ಸೇರ್ಸಿದ್ರ ಅಪ್ಪಗೂ ಬ್ಯಾಸರ, ಮಗಗೂ ಬ್ಯಾಸರ. ಮುಂದ ಬಿಎಸ್ಸಿ, ರಿಸರ್ಚ್ ಅಂತ ಮನಸಿದ್ದೋರಿಗಿ, ಐಸರ್ ಅನ್ನೋ ಕೇಂದ್ರದ ಸೈನ್ಸ್ ಕಾಲೇಜಿಗಿ ಹೋಗ್ಬೇಕಂತ ಅದರ ಪ್ರವೇಶ ಪರೀಕ್ಷಾ ಐಎಟಿ ಬರ್ಯೋರಿಗಿ, ಇಲ್ಲಂದ್ರ ಸರ್ ಹೇಳಿದ್ದು ಸಾಲ್ಲತ್ತಿಲ್ಲ ಅಂತ ಅನಿಸ್ಲತ್ತಿದ್ದೋರಿಗಿ ಇದು ಸರಿ.

ಆಮ್ಯಾಲ ಕೋರ್ಸ್ ಆರ್ಸೋದು, ಎಲ್ಲರೂ ಎಡವೋದು ಇಲ್ಲೇ. ಹೆಸರು ನೋಡಿ ಆರ್ಸಬ್ಯಾಡ್ರಿ. ಹಳೇ ಬ್ಯಾಚಿನ ಅಸೈನ್‌ಮೆಂಟ್ ಎನ್‌ಪಿಟೆಲ್ ಸೈಟಿನಾಗ ಇರ್ತಾವ, ಮೊದಲ್ನೇ ವಾರದ್ದು ಇಳಿಸ್ಕೊಂಡು ಒಂದು ವಿಡಿಯೋನೂ ನೋಡ್ಲಾರ್ದ ಒಂದು ತಾಸು ಕೂಡ್ರಿ. ಪ್ರಶ್ನಿ ಏನು ಕೇಳ್ಲತ್ತದ ಅಂತ ತಿಳೀತು, ಉತ್ತರ ಅರ್ಧ ಬಂತು ಅಂದ್ರ ಆ ಕೋರ್ಸ್ ನಿಮ್ದು. ಪ್ರಶ್ನಿನೇ ತಿಳೀಲಿಲ್ಲಂದ್ರ ಒಂದು ಮೆಟ್ಟಲ ಕೆಳಗ ಇಳೀರಿ. ಎಲ್ಲಾ ಬಂದ್ಬಿಟ್ರ ಅದು ನಿಮಗ ಟೈಮ್ ವೇಸ್ಟ್.

ಫಿಸಿಕ್ಸ್ ಅಂದ್ರ ಕ್ಯಾಲ್ಕುಲಸ್ ಮೊದ್ಲ ಬೇಕು, ಇದನ್ನ ತಪ್ಪಿಸ್ಕೊಳ್ಳಾಕ ದಾರಿ ಇಲ್ಲ. ಯಾಕ ಅಂತ ಹೇಳ್ತೀನಿ ನೋಡ್ರಿ. ಒಂದು ಮಳಿ ಹನಿ 1 ಕಿಲೋಮೀಟರ್ ಮ್ಯಾಲಿಂದ ಬೀಳ್ಲತ್ತದ ಅನ್ಕೋರಿ. ಪಿಯುಸಿ ಸೂತ್ರ ಹಾಕಿದ್ರ ನೆಲಕ್ಕ ಮುಟ್ಟೋದ್ರಾಗ ಅದರ ವೇಗ ಸೆಕೆಂಡಿಗಿ 140 ಮೀಟರ್, ಅಂದ್ರ ತಾಸಿಗಿ 500 ಕಿಲೋಮೀಟರ್ ಆತು! ಹಂಗಾಗಿದ್ರ ಮಳ್ಯಾಗ ನಿಂತೋರ ತಲಿ ಉಳೀತಿರ್ಲಿಲ್ಲ. ಖರೇ ಅಂದ್ರ ದೊಡ್ಡ ಹನಿನೂ ಸೆಕೆಂಡಿಗಿ ಸುಮಾರು 9 ಮೀಟರ್ ಮ್ಯಾಲೆ ಹೋಗಂಗಿಲ್ಲ, ಗಾಳಿ ಎದುರು ತಳ್ತಿರ್ತದ, ವೇಗ ಹೆಚ್ಚಾದಂಗ ತಳ್ಳೋದೂ ಹೆಚ್ಚಾಗ್ತದ, ಕಡೀಕ ತೂಕ ಮತ್ತ ಗಾಳಿ ಸಮ ಆಗಿ ವೇಗ ಅಲ್ಲೇ ನಿಲ್ತದ. ವೇಗೋತ್ಕರ್ಷ (ಆಕ್ಸಲರೇಷನ್) ಕ್ಷಣಕ್ಕೊಂದು ಇದ್ದಾಗ ಬಾಯಿಪಾಠ ಮಾಡಿದ ಆ ಮೂರು ಚಲನೆಯ ಸೂತ್ರ ಕೆಲಸಕ್ಕ ಬರಂಗಿಲ್ಲ, ಡಿಫರೆನ್ಷಿಯಲ್ ಸಮೀಕರಣ ಬರ್ದು ಬಿಡಿಸ್ಬೇಕು. ಡಿಗ್ರಿ ಮೆಕ್ಯಾನಿಕ್ಸ್ ಶುರುವಾಗೋದು ಇಂಥಾ ಕಡಿ. ಅದಕ್ಕ ಮೊದಲ್ನೇ ಎರಡು ತಿಂಗಳು ಬರೇ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಕೈಗಿ ಹತ್ತಿಸ್ಕೋರಿ, ಕೋರ್ಸ್ ಎಲ್ಲೂ ಓಡಿ ಹೋಗಂಗಿಲ್ಲ.

ನಮ್ಮ ಕಡಿ ಹುಡುಗ್ರಿಗಿ ಗಣಿತ ಎಲ್ಲಿ ಅನ್ನೋರು ಸೇಡಂ ತಾಲೂಕಿನ ಮಳಖೇಡಕ್ಕ ಒಂದು ಸಲ ಹೋಗಿ ಬರ್ರಿ. ರಾಷ್ಟ್ರಕೂಟರ ಮಾನ್ಯಖೇಟ ಅದು, 9ನೇ ಶತಮಾನದಾಗ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಅನ್ನೋರು ಎನ್‌ಸಿಆರ್ (nCr, n ವಸ್ತುವಿನಾಗ r ಎಷ್ಟು ರೀತಿ ಆರ್ಸಬಹುದು ಅನ್ನೋದು) ಸೂತ್ರ ಬರ್ದಿಟ್ಟು ಹೋಗ್ಯಾರ. ಅದನ್ನೇ ನೀವು ಈಗ ಕಾಂಬಿನೇಷನ್ ಪಾಠದಾಗ ಓದ್ಲತ್ತೀರಿ.

ಟೈಮಿನ ಲೆಕ್ಕ. ಕೋರ್ಸು 4, 8, 12 ವಾರದ್ದು ಇರ್ತಾವ, ಜನವರಿಗೊಂದು ಜುಲೈಗೊಂದು ಬ್ಯಾಚ್. ಜನವರಿದು ಬ್ಯಾಡ್ರಿ, ಅದರ ನಡುವನ ವಾರ್ಷಿಕ ಪರೀಕ್ಷಾ ಬರ್ತದ. ಫಸ್ಟ್ ಪಿಯುಸಿಯೋರು ಜುಲೈದು, ಅದ್ರಾಗೂ 4 ಇಲ್ಲಾ 8 ವಾರದ್ದು ಹಿಡೀರಿ. ವಿಡಿಯೋ ನೋಡಿದ್ರ ಓದಿದಂಗ ಅನಿಸ್ತದ, ಅದೇ ಮೋಸ. ಅರ್ಧ ತಾಸಿನ ಪಾಠಕ್ಕ ಒಂದು ತಾಸು ಪೆನ್ನು ಹಿಡೀಬೇಕು. ವಾರಕ್ಕೊಂದು ಅಸೈನ್‌ಮೆಂಟ್, 8 ವಾರದ ಕೋರ್ಸಿನಾಗ ಚಲೋ ಬಂದ 6 ಅಷ್ಟೇ ಲೆಕ್ಕಕ್ಕ ತಗೋತಾರ, ಅಂದ್ರ ಊರ ಜಾತ್ರಿಗಿ ಒಂದು ವಾರ, ಟೆಸ್ಟಿಗಿ ಒಂದು ವಾರ ತಪ್ಪಿದ್ರೂ ನಡೀತದ.

ಕನ್ನಡ ಮೀಡಿಯಂ ಹುಡುಗ್ರಿಗಿ ಹೆದರಿಕಿ ಇಂಗ್ಲಿಷಿಂದು. ಒಂದು ನೂರು ಪುಟದ ನೋಟ್‌ಬುಕ್ ಇಡ್ರಿ, ಎಡಕ್ಕ ಸರ್ ಹೇಳೋ ಶಬ್ದ, ಬಲಕ್ಕ ನಿಮ್ಮ ಪಠ್ಯದ ಶಬ್ದ. ಸ್ಪೀಡ್ ಅಂದ್ರ ಜವ, ವೆಲಾಸಿಟಿ ಅಂದ್ರ ವೇಗ, ಮೊಮೆಂಟಮ್ ಅಂದ್ರ ಸಂವೇಗ, ಹಿಂಗ. ಅವೇ ಶಬ್ದ ತಿರುಗಿ ತಿರುಗಿ ಬರ್ತಿರ್ತಾವ, ಭಾಳ ಇರಂಗಿಲ್ಲ. ನೆಟ್ ಸಲುವಾಗಿ ರಾತ್ರಿ ಡೇಟಾ ಉಳದಿದ್ದಾಗ ವಿಡಿಯೋ ಇಳಿಸಿಟ್ಟು ಬಿಡ್ರಿ, ಕರೆಂಟ್ ಹೋದ ದಿನ ನೆನಸ್ತೀರಿ.

ಬಯಾಲಜಿ ತಗೊಂಡೋರಿಗಿ ನಮ್ಮ ಕಡಿಯಂಥ ಲ್ಯಾಬ್ ಬ್ಯಾರೆ ಎಲ್ಲಿ ಸಿಗ್ತದರಿ. ನೈಟ್ರೋಜನ್ ಸ್ಥಿರೀಕರಣದ ಪಾಠ ಬಂದಾಗ ಹೊಲಕ್ಕ ಹೋಗಿ ಒಂದು ತೊಗರಿ ಗಿಡ ಬೇರು ಹರೀಲಾರ್ದಂಗ ಮಣ್ಣಿನ ಸಮೇತ ಅಗದು ತಗದು, ನೀರಾಗ ಮೆಲ್ಲಕ ತೊಳೀರಿ. ಬೇರಿಗಿ ಸಣ್ಣ ಗಂಟು ಕಾಣ್ತಾವ, ಬ್ಲೇಡಿನಿಂದ ಒಂದು ಕೊಯ್ರಿ. ಒಳಗ ಗುಲಾಬಿ ಬಣ್ಣ ಇದ್ರ ಗಾಳ್ಯಾಗಿನ ನೈಟ್ರೋಜನ್ ಹಿಡಿಯೋ ರೈಜೋಬಿಯಮ್ ಬ್ಯಾಕ್ಟೀರಿಯಾ ಕೆಲಸ ಮಾಡ್ಲತ್ತದ ಅಂತ ಅರ್ಥ, ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ದು, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ್ದೇ. ನೈಟ್ರೋಜನ್ ಹಿಡಿಯೋ ಕಿಣ್ವಕ್ಕ ಆಕ್ಸಿಜನ್ ತಾಗಿದ್ರ ಅದು ಕೆಡ್ತದ, ಅದಕ್ಕ ಇದು ಆಕ್ಸಿಜನ್ ಹಿಡ್ಕೊಂಡು ಕಾಯ್ತದ. ಜುಲೈ ಬ್ಯಾಚಿಗಿ ಸೇರಿದೋರಿಗಿ ಸರಿಯಾದ ಟೈಮಿಗೇ ಹೊಲದಾಗ ತೊಗರಿ ಇರ್ತದ. ಯಾರ ಹೊಲ ಅಂತ ಮೊದ್ಲ ಕೇಳಿ ಕೀಳ್ರಿ, ಹಾಂ.

ಡೌಟ್ ಬಂದ್ರ ಕೋರ್ಸಿನ ಫೋರಂನಾಗ ಹಾಕ್ರಿ. ಅಲ್ಲಿ ನಾಚಿಕಿ ಅನಿಸಿದ್ರ ಗುಲ್ಬರ್ಗಾ ಯೂನಿವರ್ಸಿಟಿಯಾಗೋ ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿಯಾಗೋ ಎಂಎಸ್ಸಿ ಮಾಡೋ ಅಕ್ಕನೋ ಅಣ್ಣನೋ ನಿಮ್ಮೂರಾಗ ಒಬ್ರಾದ್ರೂ ಇರ್ತಾರ, ಆದಿತ್ಯವಾರ ಬಂದಾಗ ಹಿಡೀರಿ. ಬರೇ ತಿಳೀಲಿಲ್ಲ ಅಂತ ಹೋಗಬ್ಯಾಡ್ರಿ, ಎಲ್ಲಿ ತನಕ ಬಿಡಿಸೀರಿ ಅಂತ ತೋರಿಸಿ ಕೇಳ್ರಿ, ಹೇಳೋರಿಗೂ ಹುರುಪು ಬರ್ತದ.

ಸರ್ಟಿಫಿಕೇಟ್ ಬೇಕಂದ್ರ ಅಷ್ಟೇ ಪರೀಕ್ಷಾ, ಅದಕ್ಕ ಸಾವಿರ ರೂಪಾಯಿ ಆಸುಪಾಸು ಫೀ ಅದ, ಸೆಂಟರಿಗಿ ಹೋಗಿ ಕಂಪ್ಯೂಟರಿನಾಗ ಬರೀಬೇಕು. ಅಸೈನ್‌ಮೆಂಟಿಗಿ 25, ಪರೀಕ್ಷಾಕ್ಕ 75. ಪಾಸ್ ಆಗ್ಲಾಕ ಅದ್ರಾಗ 10, ಇದ್ರಾಗ 30, ಎರಡೂ ಬರ್ಬೇಕು. ನಮ್ಮಣ್ಣನ ಮಗ ಬರೀಲಿಲ್ಲ, ಆ ಸಾವಿರದಾಗ ಪುಸ್ತಕ ತಗೊಂಡ. ನೀವು ಬರ್ಯೋರಿದ್ರ ಫೀ ಕಟ್ಟೋ ಮುಂಚೆ ಸೆಂಟರ್ ಯಾವ ಊರಾಗ ಅದ ನೋಡ್ಕೋರಿ, ಹಾಲ್ ಟಿಕೆಟ್ ಪ್ರಿಂಟ್ ಮತ್ತ ಒರಿಜಿನಲ್ ಐಡಿ ಎರಡೂ ಹಿಂದಿನ ರಾತ್ರಿನೇ ಚೀಲದಾಗ ಹಾಕಿಡ್ರಿ.