ಲಾಡಿ ತುಂಡಿನಲ್ಲಿ ಮನೆ ಅಳೆದು ಡಿಸ್ಚಾರ್ಜ್: ನನ್ನ ಅನುಭವ

ಆಸ್ಪತ್ರೆಯ ಕಾರಿಡಾರಿನಲ್ಲಿ ಚೆನ್ನಾಗಿ ನಡೆದವರೇ ಮನೆಯ ಬಚ್ಚಲಲ್ಲಿ ಬೀಳುತ್ತಾರೆ. ನಮ್ಮ ಕಾಸರಗೋಡು ಕಡೆಯ ಫಿಸಿಯೋಗಳಿಗೆ (ಫಿಸಿಯೋಥೆರಪಿಸ್ಟ್‌ಗಳಿಗೆ) ಇದು ಹೊಸ ವಿಷಯವಲ್ಲ. ಆದರೆ ರೋಗಿಯ ಮನೆಯ ಮಂಚ, ಮೆಟ್ಟಿಲುಗಳ ಎತ್ತರವನ್ನು ಲಾಡಿ ತುಂಡಿನಲ್ಲಿ ಅಳೆದು ಮೊದಲೇ ವಾರ್ಡಿಗೆ ತರಿಸಿ, ಅದೇ ಎತ್ತರದಲ್ಲಿ ಅಭ್ಯಾಸ ಮಾಡಿಸಿಯೇ ಕಳಿಸಬೇಕು ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಬೆಡ್ ಖಾಲಿ ಮಾಡಬೇಕು ಎಂದರು. ಮನೆಗೆ ಹೋದ ಮೇಲೆ ತಾನಾಗಿ ಅಭ್ಯಾಸ ಆಗುತ್ತದೆ ಎಂದರು. ಲಾಡಿಯಲ್ಲಿ ಮನೆ ಅಳೆಯುತ್ತಾರಾ ಎಂದು ಕೇಳಿದವರೂ ಇದ್ದಾರೆ. ಕಳೆದ ಮಳೆಗಾಲದಲ್ಲಿ ನಾನು ಹೀಗೆ ಕಳಿಸಿದವರಲ್ಲಿ ಒಬ್ಬರೂ ಬಿದ್ದು ವಾಪಸ್ ಬಂದಿಲ್ಲ. ಈಗ ಅದೇ ಜನ ಫೋನ್ ಮಾಡಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಎಂದುಕೊಂಡೆ.

ನಮ್ಮಲ್ಲಿ ಆಗುವುದು ಹೀಗೆ. ಸ್ಟ್ರೋಕ್ ಆಗಲಿ, ಸೊಂಟದ ಮೂಳೆ ಮುರಿಯಲಿ, ಅಡಿಕೆ ಮರದಿಂದ ಬೀಳಲಿ, ಮೊದಲ ಓಟ ಮಂಗಳೂರಿಗೆ. ಅಲ್ಲಿ ಆಪರೇಷನ್, ಐಸಿಯು. ಆಮೇಲೆ ಖರ್ಚು ತಡೆಯಲಾಗದೆ ನಮ್ಮಂಥ ಸಣ್ಣ ಆಸ್ಪತ್ರೆಗೆ ಒಂದು ವಾರ. ಅಲ್ಲಿಂದ ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಪೈವಳಿಕೆಯ ತೋಟದ ಮನೆಗೆ. ಆ ಮನೆಗಳನ್ನು ನೋಡಿದವರಿಗೆ ಗೊತ್ತು. ರಸ್ತೆಯಿಂದ ಕೆಳಗೆ ಇಳಿಯಬೇಕು. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೆಟ್ಟಿಲು 9 ಇಂಚಾದರೂ ಇರುತ್ತದೆ, ಹಿಡಿಯಲು ಏನೂ ಇಲ್ಲ. ಜಗಲಿಗೆ ಒಮ್ಮೆ ಹತ್ತಬೇಕು, ಚಾವಡಿಗೆ (ಮನೆಯ ಹಜಾರಕ್ಕೆ) ಇನ್ನೊಮ್ಮೆ, ಹೊಸಿಲು ಬೇರೆ. ಬಚ್ಚಲು ಹಿಂದೆ, ಅಲ್ಲಿಗೆ ಎರಡು ಮೆಟ್ಟಿಲು ಇಳಿಯಬೇಕು. ನಾವು ವಾರ್ಡಿನಲ್ಲಿ ಕಲಿಸುವುದು 6 ಇಂಚಿನ ಮೆಟ್ಟಿಲು, ಎರಡೂ ಕಡೆ ರೈಲಿಂಗ್! ಮಂಚವೂ ಅಷ್ಟೇ. ಆಸ್ಪತ್ರೆಯದು 22-24 ಇಂಚು, ಮನೆಯದು 16-17. ಎತ್ತರದ ಮಂಚದಿಂದ ಸಲೀಸಾಗಿ ಏಳುವ ಅಜ್ಜಿ ತನ್ನ ಮಂಚದಿಂದ ಏಳಲಾರಳು. ತೊಡೆಗೆ ಎಷ್ಟು ಜಾಸ್ತಿ ಬಲ ಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ ಅಲ್ವಾ?

ಮೊದಲು ನಾನೂ ಎಲ್ಲರ ಹಾಗೆ ಹಾಳೆ ಪ್ರಿಂಟ್ ಮಾಡಿ ಕೊಡುತ್ತಿದ್ದೆ, ಕನ್ನಡದಲ್ಲಿ, ಚಿತ್ರ ಹಾಕಿ. ಎಂದಾದರೂ ಮನೆಗೆ ಹೋದಾಗ ಆ ಹಾಳೆ ಎಲ್ಲಿದೆ ಅಂತ ಕೇಳಿದರೆ ಡಿಸ್ಚಾರ್ಜ್ ಫೈಲಿನೊಳಗೆ ಮಡಚಿದ ಹಾಗೇ ಇರುತ್ತಿತ್ತು. ಆಮೇಲೆ ವಿಡಿಯೋ ಕಳಿಸಿದೆ. ಅದನ್ನು ನೋಡಿದ್ದು ಶಾರ್ಜಾದಲ್ಲಿರುವ ಮಗ. ರಾತ್ರಿ ಎರಡು ಗಂಟೆಗೆ ಅಪ್ಪನನ್ನು ಎಬ್ಬಿಸುವ ಅಮ್ಮ ನೋಡಿರಲಿಲ್ಲ. ಒಂದು ಮನೆಯವರು ಸುಮಾರು ಅರುವತ್ತು ಸಾವಿರ ಕೊಟ್ಟು ಮೋಟಾರಿನ ಮಂಚ ತಂದರು. ಅದು ಕೋಣೆಯ ಬಾಗಿಲು ದಾಟಲಿಲ್ಲ. ಚಾವಡಿಯಲ್ಲೇ ಹಾಕಿದರು. ಬಚ್ಚಲು ಅಲ್ಲಿಂದ ಇನ್ನೂ ದೂರ. ಆ ದುಡ್ಡಲ್ಲಿ ಅರ್ಧಕ್ಕರ್ಧ ಮನೆಗೆ ಕೈಗೆ ಆಧಾರವಾಗಿ ಹಿಡಿಯುವ ಪೈಪು ಹಾಕಿಸಬಹುದಿತ್ತು.

ಲಾಡಿ ಬಂದದ್ದು 2020ರಲ್ಲಿ. ಕೊರೋನಾ ಸಮಯ, ಮಾರ್ಚ್ ಕೊನೆಗೆ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಬಂದ್ ಆಯಿತಲ್ಲ, ಮಂಗಳೂರಿಗೆ ಹೊರಟ ಆಂಬುಲೆನ್ಸುಗಳು ಗಡಿಯಿಂದಲೇ ಹಿಂದೆ ಬಂದವು. ಮನೆಗೆ ಹೋದ ಮೇಲೆ ಬಿದ್ದರೆ ಹೋಗಲು ಜಾಗವೇ ಇಲ್ಲ ಎನ್ನುವ ಸ್ಥಿತಿ. ನನಗೂ ಮನೆ ನೋಡಲು ಹೋಗುವ ಹಾಗಿರಲಿಲ್ಲ. ಫೋನಿನಲ್ಲಿ ಅಳತೆ ಕೇಳಿದೆ. ಒಬ್ಬರು ಇಂಚು ಹೇಳುತ್ತಾರೆ, ಒಬ್ಬರು ಸೆಂಟಿಮೀಟರ್, ಇನ್ನೊಬ್ಬರು ಒಂದೂವರೆ ಗೇಣು. ಫೋಟೋದಲ್ಲಿ ಎತ್ತರ ತಿಳಿಯುವುದೇ ಇಲ್ಲ. ಮೇಲೆ ನಿಂತು ತೆಗೆದರೆ ಯಾವ ಮೆಟ್ಟಿಲೂ ಸಣ್ಣದೇ. ಆಗ ಊಟ ತರುವವರ ಕೈಯಲ್ಲಿ ಹಗ್ಗ ಕೊಟ್ಟು, ಮಂಚದ ಎತ್ತರಕ್ಕೆ ಸರಿಯಾಗಿ ಕತ್ತರಿಸಿ ತನ್ನಿ ಅಂದೆ. ತೆಂಗಿನ ಹಗ್ಗ ಒದ್ದೆಯಾಗಿ ಬಂತು, ಅಳತೆ ಕೆಟ್ಟಿತು. ಪ್ಲಾಸ್ಟಿಕ್ ದಾರ ಎಳೆದರೆ ಉದ್ದ ಆಗುತ್ತದೆ. ಕೊನೆಗೆ ಕುದುರಿದ್ದು ಹೆಂಗಸರ ಲಂಗಕ್ಕೆ ಹಾಕುವ ಚಪ್ಪಟೆ ಹತ್ತಿಯ ಲಾಡಿ. ಯಾವ ಬಟ್ಟೆ ಅಂಗಡಿಯಲ್ಲೂ ಸಿಗುತ್ತದೆ, ಒಂದು ಮನೆಗೆ ಹೆಚ್ಚೆಂದರೆ ಮೂವತ್ತು ರೂಪಾಯಿ.

ಐದು ತುಂಡು ಕೊಡುತ್ತೇನೆ, ಐದಕ್ಕೂ ಬೇರೆ ಬೇರೆ ಬಣ್ಣದ ಗುರುತು. ಕೆಂಪು ಮಂಚಕ್ಕೆ. ನೀಲಿ ಕಕ್ಕಸಿನ ಸೀಟಿಗೆ ಅಥವಾ ಅದರ ಮೇಲಿಡುವ ಕುರ್ಚಿಗೆ. ಹಸುರು ಎಲ್ಲಕ್ಕಿಂತ ಎತ್ತರದ ಮೆಟ್ಟಿಲಿಗೆ. ಹಳದಿ ಹೊಸಿಲಿಗೆ. ಕಪ್ಪು ಎಲ್ಲಕ್ಕಿಂತ ಕಿರಿದಾದ ಬಾಗಿಲಿನ ಅಗಲಕ್ಕೆ. ಡಿಸ್ಚಾರ್ಜ್ ಶೀಟ್ ಇಂಗ್ಲಿಷಿನಲ್ಲಿ, ಪಂಚಾಯತಿನ ಪಾಲಿಯೇಟಿವ್ ಸಿಸ್ಟರ್ (ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡುವ ನರ್ಸ್) ಬರೆಯುವುದು ಮಲಯಾಳದಲ್ಲಿ, ಮನೆಯವರು ಓದುವುದು ಕನ್ನಡ. ಬಣ್ಣವಾದರೆ ಎಲ್ಲರಿಗೂ ಗೊತ್ತಾಗುತ್ತದೆ. ಒಂದೇ ಲಾಡಿಯಲ್ಲಿ ಗಂಟು ಹಾಕಿಸಬೇಡಿ. ಗಂಟು ಉದ್ದವನ್ನು ತಿನ್ನುತ್ತದೆ, ಯಾವ ಗಂಟು ಯಾವುದಕ್ಕೆ ಅನ್ನುವುದೂ ಮರೆತುಹೋಗುತ್ತದೆ. ಮಂಚ ಅಳೆಯುವಾಗ ಅಂಚಿನಲ್ಲಿ ಒಬ್ಬರು ಕುಳಿತಿರಬೇಕು, ಅವರ ತೊಡೆಯ ಪಕ್ಕದಲ್ಲಿ ಲಾಡಿ ಇಳಿಬಿಡಬೇಕು. ಹತ್ತಿಯ ಹಾಸಿಗೆ ಕುಳಿತರೆ ಎರಡು ಇಂಚು ತಗ್ಗುತ್ತದೆ. ಆ ಎರಡು ಇಂಚಿನಲ್ಲೇ ಎಲ್ಲ ಇದೆ.

ಅಳತೆ ಬಂದ ಮೇಲೆ ವಾರ್ಡಿನಲ್ಲಿ ಮನೆ ಕಟ್ಟುವುದು. ನನ್ನ ಹತ್ತಿರ ಪ್ಲೈವುಡ್ಡಿನ ಪೆಟ್ಟಿಗೆಗಳಿವೆ, ಒಂದು ಇಂಚು, ಎರಡು ಇಂಚಿನ ಹಲಗೆಗಳಿವೆ. ಪೇರಿಸಿ ಲಾಡಿಗೆ ಸರಿ ಹೊಂದಿಸುತ್ತೇನೆ. ಮೊದಲ ಸೆಟ್ಟಿಗೆ ನಾಲ್ಕು ಸಾವಿರದಷ್ಟು ಖರ್ಚಾಯಿತು, ನನ್ನ ಕೈಯಿಂದಲೇ. ಮಂಚ ತಗ್ಗಿಸಿದರಷ್ಟೇ ಸಾಲದು, ಗೋಡೆ ಯಾವ ಕಡೆ ಎಂದು ಕೇಳಿ. ಬಲಗೈ ಬಲಗಾಲು ಹೋದವರ ಮಂಚದ ಎಡಕ್ಕೆ ಮನೆಯಲ್ಲಿ ಗೋಡೆ ಇದ್ದರೆ ಅವರು ಇಳಿಯುವುದು ಬಲಹೀನವಾದ ಕಡೆಗೆ. ಮನೆಯಲ್ಲಿ ಮಂಚ ತಿರುಗಿಸಲು ಆಗುತ್ತದಾ ಕೇಳುತ್ತೇನೆ. ಆಗದಿದ್ದರೆ ವಾರ್ಡಿನ ಮಂಚವನ್ನೇ ತಿರುಗಿಸಿ ಹಾಗೇ ಕಲಿಸುತ್ತೇನೆ. ಆಕ್ಸಿಜನ್ ಪಾಯಿಂಟ್ ದೂರ ಆಗುತ್ತದೆ ಎಂದು ಸಿಸ್ಟರ್‌ಗಳ ತಕರಾರು ಬರುತ್ತಿತ್ತು. ಹಗಲು ಎರಡು ಗಂಟೆ ಮಾತ್ರ ಎಂದು ಒಪ್ಪಂದ ಮಾಡಿಕೊಂಡೆ.

ಇನ್ನು ಮುಖ್ಯವಾದದ್ದು. ಎಬ್ಬಿಸುವುದು, ಕೂರಿಸುವುದು, ಮೆಟ್ಟಿಲು ಇಳಿಸುವುದು, ಎಲ್ಲವನ್ನೂ ರಾತ್ರಿ ಮನೆಯಲ್ಲಿ ಇರುವವರೇ ಮಾಡಬೇಕು. ನಾನು ಕೈ ಹಿಂದೆ ಕಟ್ಟಿ ನಿಲ್ಲುತ್ತೇನೆ. ಮಗ ಬಂದು ಕಲಿತು ಸೋಮವಾರ ಬೆಂಗಳೂರಿಗೆ ಹೋದರೆ ಏನು ಪ್ರಯೋಜನ? ಎಣ್ಮಕಜೆ ಕಡೆಯ ಒಬ್ಬರು ಕೃಷಿಕರು, ಎಪ್ಪತ್ತರ ಹತ್ತಿರ, ಎಡಭಾಗ ಪೂರ್ತಿ ಹೋಗಿತ್ತು. ಒಳ್ಳೆ ಮೈಕಟ್ಟು. ಹೆಂಡತಿ ನಲವತ್ತೈದು ಕೆಜಿ ಇದ್ದಾರೋ ಇಲ್ಲವೋ. ಇವರಿಂದ ಆಗದು ಎಂದು ಎಲ್ಲರೂ ಹೇಳಿದರು. ಆಕೆ ಗಂಡನ ತೋಳು ಹಿಡಿದು ಎಳೆಯುತ್ತಿದ್ದರು. ಸ್ಟ್ರೋಕಿನ ಭುಜವನ್ನು ಹಾಗೆ ಎಳೆದರೆ ಜಾರುತ್ತದೆ, ತಿಂಗಳುಗಟ್ಟಲೆ ನೋವು. ಅದನ್ನು ಬಿಡಿಸಿದೆ. ಎಡ ಮೊಣಕಾಲಿಗೆ ತನ್ನ ಮೊಣಕಾಲು ಒತ್ತಿ ತಡೆಯುವುದು, ಸೊಂಟಕ್ಕೆ ಕಟ್ಟಿದ ಬೈರಾಸಿನಲ್ಲಿ (ಟವೆಲಿನಲ್ಲಿ) ಹಿಡಿಯುವುದು, ಮೂಗು ಕಾಲ್ಬೆರಳಿನಿಂದ ಮುಂದೆ ಬರುವವರೆಗೆ ಏಳಿಸದಿರುವುದು. ಮೂರನೇ ದಿನ ಆಕೆ ಒಬ್ಬರೇ 16 ಇಂಚಿನಿಂದ ಎಬ್ಬಿಸಿ ನಿಲ್ಲಿಸಿದರು. ನಿಂತ ಮೇಲೆ ಗಂಡನ ಅಂಗಿಯ ಗುಂಡಿ ಸರಿ ಮಾಡಿದರು. ನೋಡುತ್ತಿದ್ದ ಡ್ಯೂಟಿ ಡಾಕ್ಟರು ಸುಮ್ನೆ ಕೇಸ್ ಶೀಟ್ ತೆಗೆದುಕೊಂಡು ಡಿಸ್ಚಾರ್ಜ್ ಬರೆದರು.

ಅವರ ಮನೆಗೆ ಹೋಗಲು ತೋಡು (ಸಣ್ಣ ಹೊಳೆ) ದಾಟಬೇಕು. ಸಂಕ (ಕಾಲುಸೇತುವೆ) ಎಂದರೆ ಎರಡು ಅಡಿಕೆ ಮರ, ಜುಲೈ ತಿಂಗಳ ಪಾಚಿ. ವಾಕರ್ ಮಾತೇ ಇಲ್ಲ. ತೋಳಿರುವ ಗಟ್ಟಿ ಮರದ ಕುರ್ಚಿಗೆ ಬಿದಿರು ಕಟ್ಟಿಸಿ, ನೆರೆಯವರನ್ನು ಒಂದು ದಿನ ಮೊದಲೇ ಕರೆಸಿ, ಖಾಲಿ ಕುರ್ಚಿಯಲ್ಲಿ ದಾಟಿಸಿ ನೋಡಿದೆವು. ಮರದ ಮೇಲೆ ತೆಂಗಿನ ನಾರಿನ ಚಾಪೆ ಬಿಗಿಯಾಗಿ ಕಟ್ಟಿದೆವು. ಮಧ್ಯಾಹ್ನ ಮಳೆ ನಿಂತಾಗ ದಾಟಿಸಿದೆವು. ಮಳೆಗಾಲದಲ್ಲಿ ಸಂಜೆ ಐದರ ನಂತರ ಡಿಸ್ಚಾರ್ಜ್ ಬೇಡ ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಬಿಲ್ಲಿಂಗ್‌ನವರು ಏನೇ ಹೇಳಲಿ.

ಪೈಪಿನ ವಿಷಯ ಸ್ವಲ್ಪ ಜಾಸ್ತಿ ಬರೆಯಬೇಕು, ಇಲ್ಲಿ ದುಡ್ಡು ಪೋಲಾಗುತ್ತದೆ. ಆನ್‌ಲೈನಿನಲ್ಲಿ ಸಿಗುವ ಸ್ಟೀಲಿನ ಹಿಡಿಕೆ, ಸ್ಕ್ರೂ ಮತ್ತು ಪ್ಲಗ್ಗಿನ ಮೇಲೆ ನಿಲ್ಲುವುದು. ಮುರಕಲ್ಲಿನ ಗೋಡೆ ಅದನ್ನು ಹಿಡಿದುಕೊಳ್ಳುವುದಿಲ್ಲ. ಕಲ್ಲು ತೂತು ತೂತು, ಒಂದು ತಿಂಗಳಲ್ಲಿ ಪ್ಲಗ್ ಸಡಿಲ. ಹಿಡಿಕೆ ಇದೆ ಎಂಬ ಧೈರ್ಯದಲ್ಲಿ ಭಾರ ಹಾಕಿದವರು ಹಿಡಿಕೆ ಸಮೇತ ಬೀಳುತ್ತಾರೆ. ಊರಿನ ವೆಲ್ಡಿಂಗ್ ಶಾಪಿನಲ್ಲಿ ಒಂದೂಕಾಲು ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಬಗ್ಗಿಸಿ, ತುದಿಗೆ ಕಬ್ಬಿಣದ ಕಾಲು ಬೆಸೆದು, ಗೋಡೆ ಆಳವಾಗಿ ಕೊರೆದು ಸಿಮೆಂಟಿನಲ್ಲಿ ಹೂಳಬೇಕು. ಮೇಸ್ತ್ರಿಯ ಕೂಲಿ ಸೇರಿ ಒಂದಕ್ಕೆ ಸಾವಿರದ ಇನ್ನೂರು ಆಗುತ್ತಿತ್ತು, ಈಗ ಸ್ವಲ್ಪ ಏರಿದೆ. ಒಂದು ವಾರ ನೀರು ಹಾಕಿ ಗಟ್ಟಿಯಾಗಲು ಬಿಟ್ಟು, ಆಮೇಲೆ ನಾನು ಪೂರ್ತಿ ಭಾರ ಹಾಕಿ ಜೋತುಬೀಳುತ್ತೇನೆ. ಅದಕ್ಕೇ ಡಿಸ್ಚಾರ್ಜಿಗೆ ಒಂದು ವಾರ ಮೊದಲೇ ಮನೆಯವರನ್ನು ಹಿಡಿಯಬೇಕು. ಕಕ್ಕಸಿನ ಮೇಲಿಡುವ ಕುರ್ಚಿಯ ಕಾಲು ಒದ್ದೆ ಸಿಮೆಂಟಿನಲ್ಲಿ ಜಾರದಂತೆ ನಾನು ಒಂದು ವಸ್ತು ಹಾಕುತ್ತೇನೆ. ರಬ್ಬರ್ ಬುಶ್ ಅಲ್ಲ. ಅದೇನೆಂದು ಸದ್ಯಕ್ಕೆ ಬರೆಯುವುದಿಲ್ಲ, ಇನ್ನೊಂದು ಮಳೆಗಾಲ ಕಳೆಯಲಿ.

ವಾಕರಿನ ಬುಡದ ಅಗಲ ಹೆಚ್ಚುಕಡಿಮೆ 2 ಅಡಿ. ಹಳೆ ಬಚ್ಚಲಿನ ಬಾಗಿಲೂ ಅಷ್ಟೇ. ಕಪ್ಪು ಲಾಡಿ ಚಿಕ್ಕದಾಗಿ ಬಂದರೆ ಅಡ್ಡ ಹೆಜ್ಜೆ ಕಲಿಸಿ, ಇಲ್ಲವೇ ಬಾಗಿಲು ಕಳಚಿಸಿ ಪರದೆ ಹಾಕಿಸಿ.

ಮೊದಲ ಮೂರು ರಾತ್ರಿ ಬಹಳ ಮುಖ್ಯ. ಬೀಳುವುದು ಜಾಸ್ತಿ ಮೂತ್ರಕ್ಕೆ ಎದ್ದಾಗ. ವಾರ್ಡಿನಲ್ಲೇ ಮಲಗಿದಾಗ ಮತ್ತು ನಿಂತಾಗ ಬಿಪಿ ನೋಡಿ. ಮೇಲಿನ ಅಂಕಿ 20 ಇಳಿದರೆ ಡಾಕ್ಟರಿಗೆ ಹೇಳದೆ ಕಳಿಸಬೇಡಿ. ಮಾತ್ರೆಗಳ ಪಟ್ಟಿಯನ್ನೂ ಕೇಳಿ. ಮಂಗಳೂರಿನಲ್ಲಿ ಬರೆದ ಬಿಪಿ ಮಾತ್ರೆ, ಮನೆಯಲ್ಲಿ ಮೊದಲೇ ಇದ್ದದ್ದು, ಹೆಸರು ಬೇರೆ, ಒಳಗಿನ ಮದ್ದು ಒಂದೇ, ಎರಡೂ ತಿನ್ನುತ್ತಿರುತ್ತಾರೆ. ಇದು ನಮ್ಮ ಕೆಲಸವಲ್ಲ ಎನ್ನಬೇಡಿ, ಬಿದ್ದರೆ ನಮ್ಮ ಹತ್ತಿರವೇ ಬರುವುದು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಕುಂಬಳೆ ಎಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಆ ಸೀಮೆಯ ಹಿರಿಯರಿಗೆ ಯಕ್ಷಗಾನದ ತಾಳ ರಕ್ತದಲ್ಲೇ ಇದೆ. ಪಾರ್ಕಿನ್ಸನ್ (ನಡುಕದ ಕಾಯಿಲೆ) ಇದ್ದ ಒಬ್ಬರು ಹೊಸಿಲಿನ ಹತ್ತಿರ ಬಂದರೆ ಕಾಲು ಅಂಟಿದ ಹಾಗೆ ನಿಂತುಬಿಡುತ್ತಿದ್ದರು. ಮೊಬೈಲಿನ ಮೆಟ್ರೊನೋಮ್ (ಟಿಕ್ ಟಿಕ್ ಎಂದು ಲಯ ಹಾಕುವ ಆ್ಯಪ್) ಹಾಕಿದರೆ ಸಿಟ್ಟು ಬರುತ್ತಿತ್ತು. ಮೊಮ್ಮಗನ ಕೈಯಲ್ಲಿ ಜಾಗಟೆ ಕೊಟ್ಟು ಏಕತಾಳ ಬಾರಿಸಿದೆವು. ಹೊಸಿಲು ದಾಟಿದರು! ತ್ರಿವುಡೆ ತಾಳಕ್ಕೆ ಏಳು ಅಕ್ಷರ, ಎಡ ಬಲ ಹೆಜ್ಜೆಗೆ ಕೂಡಿಬರುವುದಿಲ್ಲ. ಸ್ಟ್ರೋಕಿನವರಲ್ಲಿ ಅಷ್ಟೇನೂ ಗುಣ ಕಾಣಲಿಲ್ಲ, ಒಬ್ಬಿಬ್ಬರಲ್ಲಿ ಹೆಜ್ಜೆ ಸಮ ಬಂತು. ಅಂಗಳದಲ್ಲಿ ಅಡಿಕೆ ಸಲಾಕೆಯ (ಸೀಳಿದ ಅಡಿಕೆ ಮರದ) ಪ್ಯಾರಲಲ್ ಬಾರ್, ಅಂದರೆ ಎರಡೂ ಕಡೆ ಹಿಡಿದು ನಡೆಯುವ ಕಂಬಿ, ಮಾತ್ರ ಎಲ್ಲರಿಗೂ ಹೇಳುತ್ತೇನೆ. ಸೊಂಟದ ಎತ್ತರಕ್ಕೆ ಕಟ್ಟಿ, ಸಿಬಿರು ಚೆನ್ನಾಗಿ ಕೆತ್ತಿಸಿ. ಖರ್ಚು ಸೊನ್ನೆ.

ಲೆಕ್ಕದ ಮಾತು. ಮೊದಲ ವರ್ಷ ಪೆಟ್ರೋಲಿಗೇ ದುಡಿದೆ. ಮನೆ ಭೇಟಿಗೆ ಐನೂರು, ಮುಳ್ಳೇರಿಯ, ಪೆರ್ಲದ ಆಚೆಗಾದರೆ ಏಳುನೂರು. ಎಂಆರ್‌ಐಗೆ ತಕರಾರಿಲ್ಲದೆ ಕೊಡುವವರು ಪೈಪಿಗೆ ಚೌಕಾಸಿ ಮಾಡುತ್ತಾರೆ. ಈಗ ವಾರ್ಡಿನ ಅಭ್ಯಾಸ ಮತ್ತು ಮನೆಗೆ ಹೋದ ಮೇಲೆ ಎರಡು ವಾರದ ಭೇಟಿ ಸೇರಿಸಿ ಒಂದೇ ಮೊತ್ತ ಹೇಳುತ್ತೇನೆ, ಐದು ಸಾವಿರದ ಆಸುಪಾಸು. ಬಿಡಿಬಿಡಿಯಾಗಿ ಕೇಳಿದರೆ ಎರಡನೇ ಭೇಟಿಗೇ ಸಾಕು ಎನ್ನುತ್ತಾರೆ. ತೀರಾ ಬಡವರಿಗಾಗಿ ಪಾಲಿಯೇಟಿವ್ ಸಿಸ್ಟರಿಗೆ ಲಾಡಿಯಲ್ಲಿ ಅಳೆಯುವುದನ್ನು ಕಲಿಸಿಕೊಟ್ಟಿದ್ದೇನೆ, ಅವರು ಹೇಗೂ ಮನೆಗೆ ಹೋಗುತ್ತಾರೆ. ಮಂಚ ತಿರುಗಿಸಲು ಒಪ್ಪದ ಮನೆಯ ಹಿರಿಯರನ್ನು ಒಪ್ಪಿಸುವ ಉಪಾಯವೂ ಒಂದಿದೆ. ಅದು ಬರೆದರೆ ಬರುವುದಿಲ್ಲ, ಜೊತೆಗೆ ಬಂದರೆ ತೋರಿಸುತ್ತೇನೆ.

ಮಕ್ಕಳೆಲ್ಲ ಹೊರಗಿದ್ದು ಹೋಂ ನರ್ಸ್ ಮೇಲೆ ನಿಂತ ಮನೆಗಳು ಮಾತ್ರ ಇನ್ನೂ ಸುಲಭ ಆಗಿಲ್ಲ. ಏಜೆನ್ಸಿಯವರು ತಿಂಗಳಿಗೊಬ್ಬರನ್ನು ಬದಲಿಸಿದರೆ ವಾರ್ಡಿನಲ್ಲಿ ಕಲಿಸಿದ್ದೆಲ್ಲ ನೀರುಪಾಲು. ಬರುವ ನರ್ಸ್ ಡಿಸ್ಚಾರ್ಜಿಗೆ ಎರಡು ದಿನ ಮೊದಲೇ ವಾರ್ಡಿಗೆ ಬರಬೇಕು, ಆ ಎರಡು ದಿನದ ಸಂಬಳ ಮನೆಯವರು ಕೊಡಬೇಕು, ಮೂರು ತಿಂಗಳು ಬದಲಿಸಬಾರದು ಎಂದು ಈಗ ಷರತ್ತು ಹಾಕುತ್ತಿದ್ದೇನೆ. ಕೆಲವು ಮನೆಯವರು ಒಪ್ಪಿದ್ದಾರೆ. ಏಜೆನ್ಸಿಗಳ ಜೊತೆ ಮಾತುಕತೆ ನಡೆಯುತ್ತಿದೆ.