ಯಾವ ಡೆನಿಮ್ ಕಡಿಮೆ ಕುಗ್ಗುತ್ತದೆ? ಒಂದೇ ತುಂಡು ಒಗೆದು ಹೇಳಬೇಡಿ

ಬಳ್ಳಾರಿಯ ಜೀನ್ಸ್ ಯೂನಿಟ್‌ಗಳಲ್ಲಿ ಹೊಸ ಡೆನಿಮ್ ಬಂದರೆ ಒಂದು ತುಂಡು ಕತ್ತರಿಸಿ, ಒಗೆದು, ಟೇಪು ಹಿಡಿದು ‘ಹಳೇದಕ್ಕಿಂತ ಇದೇ ವಾಸಿ’ ಅಂದುಬಿಡುತ್ತಾರೆ. ಮುಂದಿನ ರೋಲ್ ಬೇರೆ ಥರ ಕುಗ್ಗಿದಾಗ ಬೈಗುಳ ಮಾತ್ರ ಕಟಿಂಗ್ ಮಾಸ್ಟರ್‌ಗೆ.

ಎಲ್ಲರೂ ಎಡವುವುದು ತುಂಡು ಆರಿಸುವಾಗ. ಒಂದೇ ರೋಲಿನಿಂದ ಎಂಟು ತುಂಡು ತೆಗೆದರೆ ಗೊತ್ತಾಗುವುದು ಆ ರೋಲಿನ ಗುಣ ಅಷ್ಟೇ. ಎಂಟು ರೋಲು ಬೇಕು, ರೋಲಿಗೊಂದೇ ತುಂಡು. ಹಳೇದರಲ್ಲಿ ಎಂಟು, ಹೊಸದರಲ್ಲಿ ಎಂಟು. ಅಷ್ಟು ರೋಲು ಇಲ್ವಾ? ಬರುವ ತನಕ ಕಾಯಿರಿ, ಸುಮ್ನೆ ಲೆಕ್ಕ ತುಂಬಿಸಬೇಡಿ. ಅಂಚು ಬಿಟ್ಟು ನಡುವಿನಿಂದ ಕತ್ತರಿಸಿ.

ಹಾಸಿನ (ಬಟ್ಟೆಯುದ್ದಕ್ಕೂ ಹೋಗುವ ನೂಲಿನ) ಉದ್ದಕ್ಕೆ 500 ಮಿ.ಮೀ. ಅಳೆದು ಎರಡೂ ತುದಿಗೆ ಪಾಲಿಯೆಸ್ಟರ್ ದಾರದಲ್ಲಿ ಹೊಲಿಗೆ ಹಾಕಿ. ಚಾಕ್, ಪೆನ್ನು ಬೇಡ, ಬ್ಲೀಚಿಗೆ ಅಳಿಸಿಹೋಗುತ್ತವೆ. ಹದಿನಾರೂ ತುಂಡು ಕಲಸಿ ಒಂದೇ ಮಷಿನ್‌ಗೆ ಹಾಕಿ. ಹಳೇದು ಬೆಳಿಗ್ಗೆ, ಹೊಸದು ಸಂಜೆ ಒಗೆದರೆ ಬಟ್ಟೆಯದೇ ಗುಣವೋ ನೀರು ಜಾಸ್ತಿ ಕಾದಿತ್ತೋ, ಯಾರಿಗೆ ಗೊತ್ತು?

ಒಣಗಿದ ಮೇಲೆ ರಾತ್ರಿಯಿಡೀ ಮೇಜಿನ ಮೇಲೆ ಹಾಸಿಡಿ. ಅಳೆಯಲು ಸ್ಟೀಲ್ ಪಟ್ಟಿಯೇ ಸರಿ. ಬಟ್ಟೆ ಟೇಪು ಎಳೆದೆಳೆದು ಉದ್ದವಾಗಿರುತ್ತದೆ, ಅಗ್ಗದ್ದಂತೂ ಬೇಡವೇ ಬೇಡ. ಯಾವುದು ಹೊಸದು ಅಂತ ಅಳೆಯುವವರಿಗೆ ಹೇಳಬೇಡಿ. ಪ್ರತಿ ತುಂಡನ್ನೂ ಎರಡು ಸಲ, ಮೊದಲ ಅಂಕಿ ಮುಚ್ಚಿಟ್ಟು ಅಳೆಸಿ, ಸರಾಸರಿ ಬರೆದುಕೊಳ್ಳಿ. ಒಂದೇ ತುಂಡಿಗೆ ಎರಡು ಸಲ ದೂರದೂರದ ಅಂಕಿ ಬಂದರೆ ಮೊದಲು ಅಳೆಯುವ ಕೈ ಸರಿಮಾಡಿ.

ಇನ್ನು ಲೆಕ್ಕ. ಎರಡು ಗುಂಪಿನ ಸರಾಸರಿ ಹೋಲಿಸಲು ಎಕ್ಸೆಲ್‌ನಲ್ಲಿ ಟಿ-ಟೆಸ್ಟ್ ಇದೆ, ಆದರೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1959ರಲ್ಲಿ ಕೊಟ್ಟ ಎಣಿಕೆ ಬೆರಳಲ್ಲೇ ಆಗುತ್ತದೆ. ಉದಾಹರಣೆಗೆ ಒಗೆದ ಮೇಲೆ ಉಳಿದ ಉದ್ದ (ಮಿ.ಮೀ.),

ಹೊಸದು: 485, 487, 488, 488, 489, 490, 491, 492
ಹಳೇದು: 480, 481, 482, 483, 484, 486, 486, 488

ಎಲ್ಲಕ್ಕಿಂತ ದೊಡ್ಡ ಅಂಕಿ ಒಂದು ಗುಂಪಿನಲ್ಲಿ, ಎಲ್ಲಕ್ಕಿಂತ ಚಿಕ್ಕದು ಇನ್ನೊಂದರಲ್ಲಿ ಇರಬೇಕು. ಇಲ್ಲದಿದ್ದರೆ ಈ ಎಣಿಕೆ ನಡೆಯದು. ಹಳೇದರ ದೊಡ್ಡ ಅಂಕಿ 488, ಅದನ್ನು ದಾಟಿದ ಹೊಸವು 4. ಹೊಸದರ ಚಿಕ್ಕ ಅಂಕಿ 485, ಅದಕ್ಕಿಂತ ಕೆಳಗಿರುವ ಹಳೆಯವು 5. ಒಟ್ಟು 9. ಎಣಿಕೆ 7 ಮುಟ್ಟಿದರೆ ಸಾಕು: ಎರಡೂ ಬಟ್ಟೆ ಒಂದೇ ಥರ ಇದ್ದಿದ್ದರೆ ಇಂಥ ಅಂತರ ಬರೀ ಅದೃಷ್ಟದಿಂದ ಬರುವುದು ನೂರರಲ್ಲಿ ಸುಮಾರು 5 ಸಲ. 10 ಆದರೆ ನೂರರಲ್ಲಿ ಒಂದು. 7ಕ್ಕಿಂತ ಕಡಿಮೆ ಬಂದರೆ ‘ಎರಡೂ ಒಂದೇ’ ಅಂತಲ್ಲ, ಇಷ್ಟು ತುಂಡಿನಲ್ಲಿ ಹೇಳಲಾಗದು ಅಂತ.

ಇಲ್ಲಿ ಸರಾಸರಿ ಅಂತರ 5 ಮಿ.ಮೀ., ಅಂದರೆ ಶೇ 1. 30 ಇಂಚಿನ ಕಾಲಿಗೆ 0.3 ಇಂಚು. ಅಷ್ಟನ್ನು ಪ್ಯಾಟರ್ನ್‌ನಲ್ಲೇ ಬಿಟ್ಟು ಕತ್ತರಿಸಬಹುದು, ಅಲ್ವಾ? ರೋಲಿನಿಂದ ರೋಲಿಗೆ ಏರುಪೇರಾಗುವ ಬಟ್ಟೆಗೆ ಮಾತ್ರ ಯಾವ ಪ್ಯಾಟರ್ನೂ ಆಗುವುದಿಲ್ಲ. ಹಾಗಾಗಿ ಸ್ವಲ್ಪ ಜಾಸ್ತಿ ಕುಗ್ಗಿದರೂ ಎಂಟೂ ತುಂಡು ಒಂದೇ ಸಮ ಕುಗ್ಗುವುದನ್ನೇ ತೆಗೆದುಕೊಳ್ಳಿ.