ಕೋಳಿ ಗೂಡಿಗೆ ಅಡ್ಡಕೋಲು: ಎಷ್ಟು ಎತ್ತರ, ಎಂಥ ಮರ

ಯಲಹಂಕದ ನಮ್ಮ ಹಿತ್ತಲಲ್ಲಿ ಏಳು ಹೇಂಟೆಗಳಿವೆ. ಐದು ನಾಟಿ, ಎರಡು ಗಿರಿರಾಜ ತಳಿಯವು. ಗೂಡು ಕಟ್ಟಿಸಿದ ಹೊಸದರಲ್ಲಿ ಮೊಟ್ಟೆಗಳಿಗೆಲ್ಲ ಹಿಕ್ಕೆ ಮೆತ್ತಿಕೊಂಡಿರುತ್ತಿತ್ತು. ಒಂದು ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಿದೆ. ಕೂರಲಿ ಅಂತ ಹಾಕಿಸಿದ್ದ ಕೋಲು ಖಾಲಿ. ಏಳು ಕೋಳಿಗಳೂ ಮೊಟ್ಟೆ ಪೆಟ್ಟಿಗೆಯೊಳಗೆ ಒತ್ತಿಕೊಂಡು ಮಲಗಿದ್ದವು. ಪೆಟ್ಟಿಗೆ ಎರಡು ಅಡಿ ಎತ್ತರದಲ್ಲಿತ್ತು, ಕೋಲು ಒಂದೂವರೆ ಅಡಿಯಲ್ಲಿ.

ಕೋಳಿ ಮೂಲದಲ್ಲಿ ಮರದ ಮೇಲೆ ಮಲಗುವ ಕಾಡುಹಕ್ಕಿ. ಕತ್ತಲಲ್ಲಿ ಅದಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಬೆಳಕಿರುವಾಗಲೇ ಎಲ್ಲಕ್ಕಿಂತ ಎತ್ತರದ ಜಾಗ ಹಿಡಿಯುತ್ತದೆ. ಅಜ್ಜಿಯ ಊರಲ್ಲಿ ಕೋಳಿಗಳು ಸಂಜೆಯಾದರೆ ನುಗ್ಗೆ ಮರ ಹತ್ತುತ್ತಿದ್ದವು, ಯಾರೂ ಕಲಿಸಿರಲಿಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು ಇದು: ಕೋಲು ಮೊಟ್ಟೆ ಪೆಟ್ಟಿಗೆಗಿಂತ ಮೇಲಿರಬೇಕು. ನಾನು ಪೆಟ್ಟಿಗೆಯನ್ನು ಒಂದು ಅಡಿಗೆ ಇಳಿಸಿ, ಕೋಲನ್ನು ಎರಡೂವರೆ ಅಡಿಗೆ ಏರಿಸಿದೆ.

ಇನ್ನೂ ಮೇಲೆ ಹಾಕಬಹುದಿತ್ತು, ಬೇಡ ಅನಿಸಿತು. ಗಿರಿರಾಜ ನಾಟಿಗಿಂತ ಬಹಳ ಭಾರ. ದಿನಾ ಬೆಳಗ್ಗೆ ಎತ್ತರದಿಂದ ಧೊಪ್ಪನೆ ಹಾರಿದರೆ ಅಂಗಾಲಿಗೆ ಪೆಟ್ಟಾಗಿ ಬಾವು ಬರುತ್ತದೆ. ಅವಕ್ಕೆಂದೇ ಮುಂದೆ ಒಂದೂಕಾಲು ಅಡಿಯಲ್ಲಿ ಒಂದು ಮೆಟ್ಟಿಲುಕೋಲು ಕೊಟ್ಟಿದ್ದೇನೆ.

ಒಂದು ಕೋಳಿಗೆ ಎಂಟರಿಂದ ಹತ್ತು ಇಂಚು ಜಾಗ ಬೇಕು. ನಮ್ಮ ಗೂಡಿನ ಅಗಲ ನಾಲ್ಕು ಅಡಿ, ಅದಕ್ಕೆ ಎರಡು ಕೋಲು. ಹಿಂದಿನ ಗೋಡೆಯಿಂದ ಒಂದು ಅಡಿ ಬಿಟ್ಟು ಮೊದಲನೆಯದು, ಅಲ್ಲಿಂದ ಇನ್ನೊಂದು ಅಡಿ ಬಿಟ್ಟು ಎರಡನೆಯದು. ಎರಡೂ ಒಂದೇ ಎತ್ತರದಲ್ಲಿರಲಿ. ಒಂದು ಮೇಲಿದ್ದರೆ ಅದಕ್ಕಾಗಿ ದಿನಾ ಸಂಜೆ ಕುಕ್ಕಾಟ. ಒಂದರ ಕೆಳಗೇ ಇನ್ನೊಂದು ಹಾಕಿದರಂತೂ ಮೇಲಿನವುಗಳ ಹಿಕ್ಕೆ ಕೆಳಗಿನವುಗಳ ಬೆನ್ನಿಗೆ.

ಕಬ್ಬಿಣದ ಪೈಪು, ಪಿವಿಸಿ ಪೈಪು ಬೇಡ. ಕಾಲು ಜಾರುತ್ತದೆ, ಹಿಡಿತ ಸಿಗುವುದಿಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಿಂದ ಎರಡು ಇಂಚು ದಪ್ಪ, ಎರಡು ಇಂಚು ಅಗಲದ ಸಿಲ್ವರ್ ಓಕ್ ತಂದೆ. ಮೇಲಿನ ಎರಡು ಅಂಚುಗಳನ್ನು ಬಡಗಿಗೆ ಹೇಳಿ ದುಂಡಗೆ ಮಾಡಿಸಿ, ಸ್ಯಾಂಡ್ ಪೇಪರ್ ಉಜ್ಜಿದೆ. ಸಿಬಿರು ಒಂದೂ ಉಳಿಯಬಾರದು. ಮನೆ ಕಟ್ಟುವ ಜಾಗದಲ್ಲಿ ಉಳಿದ ನೀಲಗಿರಿ ಕಂಬವೂ ನಡೆಯುತ್ತದೆ, ಆದರೆ ತೊಗಟೆ ಪೂರ್ತಿ ತೆಗೆಯಿರಿ.

ತೊಗಟೆ ತೆಗೆಯಿರಿ ಅಂದದ್ದು ನುಸಿಗಾಗಿ. ಕೆಂಪು ನುಸಿ ಹಗಲಲ್ಲಿ ಸಾಮಾನ್ಯವಾಗಿ ಕೋಳಿಯ ಮೈಮೇಲೆ ಇರುವುದಿಲ್ಲ. ಕೋಲಿನ ಬಿರುಕಲ್ಲಿ, ಕೋಲು ಗೋಡೆಗೆ ಸೇರುವ ಸಂದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಹಗಲು ಎಷ್ಟು ಹುಡುಕಿದರೂ ಕೋಳಿ ಚೆನ್ನಾಗಿಯೇ ಕಾಣುತ್ತದೆ, ಮೊಟ್ಟೆ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ರಾತ್ರಿ ಒಂಬತ್ತರ ಮೇಲೆ ಬಿಳಿ ಬಟ್ಟೆಯಿಂದ ಕೋಲಿನ ಅಡಿಭಾಗ ಒರೆಸಿ ನೋಡಿ. ಕೆಂಪು ಗೆರೆ ಮೂಡಿದರೆ ನುಸಿ ಇದೆ ಅಂತಲೇ.

ಇದಕ್ಕಾಗಿ ನಾನು ಕೋಲಿಗೆ ಮೊಳೆ ಹೊಡೆಸಿಲ್ಲ. ಎರಡೂ ಬದಿಯ ಗೋಡೆಗೆ, ಮೇಲ್ಗಡೆ ಬಾಯಿ ತೆರೆದ ಮರದ ಹಿಡಿಕೆ ಕೂರಿಸಿ, ಕೋಲನ್ನು ಅದರಲ್ಲಿ ಸುಮ್ನೆ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಎತ್ತಿ ಹೊರಗೆ ತಂದು, ಕುದಿಯುವ ನೀರು ಸುರಿದು, ಬಿಸಿಲಲ್ಲಿ ಒಣಗಿಸಿ, ತುದಿಗಳಿಗೂ ಹಿಡಿಕೆಗೂ ಬೇವಿನೆಣ್ಣೆ ಸವರುತ್ತೇನೆ. ಈ ಕೆಲಸ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ.

ಕೋಲಿನ ಕೆಳಗೆ ಒಂದು ತಗಡಿಟ್ಟು ಮರದ ಹೊಟ್ಟು ಹರಡಿ. ಬೆಳಗ್ಗೆ ಅದನ್ನು ಗೊಬ್ಬರದ ಗುಂಡಿಗೆ ಹಾಕಿ. ಹಸಿ ಹಿಕ್ಕೆ ನೇರವಾಗಿ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ.

ಡಿಸೆಂಬರ್ ಚಳಿಗೆ ಹೆದರಿ ಗೂಡಿಗೆ ಸುತ್ತಲೂ ಟಾರ್ಪಾಲಿನ್ ಬಿಗಿಯುವವರಿದ್ದಾರೆ. ಬೆಂಗಳೂರಿನ ಚಳಿಯನ್ನು ದೊಡ್ಡ ಕೋಳಿ ತಡೆಯುತ್ತದೆ. ಒಳಗೇ ಉಳಿಯುವ ತೇವ, ಹಿಕ್ಕೆಯ ಘಾಟು ತಡೆಯುವುದು ಕಷ್ಟ. ಕೂತ ಕೋಳಿಯ ತಲೆಗಿಂತ ಮೇಲೆ, ಸೂರಿನ ಕೆಳಗೆ ಜಾಲರಿ ತೆರೆದೇ ಇರಲಿ. ಮೈಗೆ ನೇರ ಗಾಳಿ ಬೀಸದಿದ್ದರೆ ಸಾಕು.

ಕೋಲು ಬದಲಿಸಿದ ಮೇಲೂ ಅಭ್ಯಾಸ ಬಿಡಿಸಲು ಕೆಲವು ದಿನ ಬೇಕು. ನಾನು ಸಂಜೆ ಪೆಟ್ಟಿಗೆಗೆ ಹಲಗೆ ಮುಚ್ಚಿ, ಕತ್ತಲಾದ ಮೇಲೆ ಒಂದೊಂದನ್ನೇ ಎತ್ತಿ ಕೋಲಿನ ಮೇಲೆ ಕೂರಿಸುತ್ತಿದ್ದೆ. ಬೆಳಗ್ಗೆ ಬೇಗ ಹಲಗೆ ತೆಗೆಯಬೇಕು, ಮೊಟ್ಟೆ ಇಡಬೇಕಲ್ವಾ. ಐದನೇ ಸಂಜೆ ಆರು ಕೋಳಿ ತಾವೇ ಹತ್ತಿದವು. ಕೆಂಪಿ ಒಬ್ಬಳನ್ನು ಇನ್ನೂ ಎರಡು ದಿನ ಎತ್ತಿ ಕೂರಿಸಬೇಕಾಯಿತು.